ಗರಿ ಬಾರದ ನವಿಲು

ಮಕ್ಕಳು ಹಕ್ಕಿಯೊಂದನ್ನು ಸಾಕಿದರೆ ಅವರಲ್ಲಿ ದಯೆ, ತಾಳ್ಮೆ, ಜವಾಬ್ದಾರಿ ಎಲ್ಲ ಬೆಳೆಯುತ್ತವೆ ಎಂದು ತಿಳಿದವರು ಹೇಳುವಾಗ ನಾನೂ ಗಂಭೀರವಾಗಿ ತಲೆಯಾಡಿಸುತ್ತೇನೆ. ನಾನೂ ಹಕ್ಕಿ ಸಾಕಿದವಳೇ. ಅದೂ ಅಂತಿಂಥ ಹಕ್ಕಿಯಲ್ಲ, ನವಿಲು. ಅದರಿಂದ ನನ್ನಲ್ಲಿ ಮೊದಲು ಬೆಳೆದದ್ದು ಜಂಬ. ಜಂಬದ ಬೆನ್ನಿಗೇ ಸುಳ್ಳು ಬೆಳೆಯಿತು. ದಯೆ ಎಲ್ಲಕ್ಕಿಂತ ತಡವಾಗಿ ಬಂತು. ಅದೂ ತಾನಾಗಿ ಬರಲಿಲ್ಲ, ಅವ್ವ ಕಿವಿ ಹಿಂಡಿ ಕರೆತರಬೇಕಾಯಿತು.

ನಮ್ಮೂರು ಬಂಕಾಪುರದಿಂದ ಒಂದು ಹರದಾರಿ ದೂರ. ಅಲ್ಲಿನ ಕೋಟೆಯ ಹಾಳುಗೋಡೆಯ ಸುತ್ತ ಬೆಳೆದ ಕುರುಚಲು ಗಿಡಗಳಲ್ಲಿ ಇರುವ ನವಿಲುಗಳು ಸುತ್ತಲಿನ ಹೊಲಗಳನ್ನೆಲ್ಲ ತಮ್ಮ ಸ್ವಂತದ್ದೆಂದೇ ತಿಳಿದಿದ್ದವು. ಬಿತ್ತಿದ ಕಾಳನ್ನು ಕೆದಕಿ ತಿನ್ನುವ ಅವನ್ನು ಊರವರು ಬಾಯಿ ತುಂಬ ಬೈಯುತ್ತಿದ್ದರು, ಆದರೆ ಯಾರೂ ಕಲ್ಲು ಎತ್ತುತ್ತಿರಲಿಲ್ಲ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ನವಿಲು ಸಾಕುವುದು ಕಾನೂನಿಗೆ ವಿರುದ್ಧ ಎಂಬ ಸುದ್ದಿ ನಮ್ಮೂರನ್ನು ಇನ್ನೂ ಮುಟ್ಟಿರಲಿಲ್ಲ.

ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಇಬ್ಬರು ಅಕ್ಕಂದಿರು, ಮತ್ತು ನಾನು. ಮೂವರೂ ಹೆಣ್ಣುಮಕ್ಕಳು. ಮೂರನೆಯವಳಾದ ನನಗೆ, ದೇವರೇ ಇನ್ನು ಹೆಣ್ಣು ಕೊಡಬೇಡ ಎಂದು ಅರ್ಜಿ ಹಾಕುವಂಥ ಹೆಸರೊಂದನ್ನು ಅಜ್ಜಿ ಹುಡುಕಿ ಇಟ್ಟಿದ್ದಳು. ದೇವರು ಆ ಅರ್ಜಿಯನ್ನು ಪೂರ್ತಿ ಓದಲಿಲ್ಲವೋ ಏನೋ, ಆಮೇಲೆ ಹೆಣ್ಣನ್ನೂ ಕೊಡಲಿಲ್ಲ, ಗಂಡನ್ನೂ ಕೊಡಲಿಲ್ಲ. ಇದು ನನ್ನದೇ ತಪ್ಪೆಂದು ಅಜ್ಜಿ ತೀರ್ಮಾನಿಸಿದ್ದಳು. ನನಗೇನೂ ಬೇಸರವಿರಲಿಲ್ಲ. ಗಂಡು ಹೆಚ್ಚು, ಹೆಣ್ಣು ಕಡಿಮೆ ಎಂಬುದನ್ನು ನಾನು ಮಗ್ಗಿಯ ಜೊತೆಗೇ ಕಲಿತಿದ್ದೆ, ಮತ್ತು ಮಗ್ಗಿಗಿಂತ ಚೆನ್ನಾಗಿ ಕಲಿತಿದ್ದೆ.

ಆಷಾಢದ ಒಂದು ದಿನ ಅಪ್ಪ ಶೇಂಗಾ ಹೊಲದಲ್ಲಿ ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದಾಗ ಎತ್ತೊಂದು ಬದುವಿನ ಪೊದೆಯೊಳಗೆ ಕಾಲಿಟ್ಟಿತು. ಅಲ್ಲಿ ನವಿಲೊಂದು ಕಾವಿಗೆ ಕೂತಿತ್ತು. ಅದು ಅರಚಿಕೊಂಡು ಹಾರಿಹೋಯಿತು. ಎತ್ತಿನ ಗೊರಸಿಗೆ ಎರಡು ಮೊಟ್ಟೆ ಒಡೆದವು. ಹೊತ್ತು ಮುಳುಗುವ ತನಕ ಅಪ್ಪ ದೂರ ನಿಂತು ಕಾದ. ತಾಯಿ ತಿರುಗಿ ಬರಲಿಲ್ಲ, ಕಾಗೆಗಳು ಬಂದವು. ಉಳಿದ ಮೂರು ಮೊಟ್ಟೆಗಳನ್ನು ಅವನು ರುಮಾಲಿನಲ್ಲಿ ಸುತ್ತಿಕೊಂಡು ಮನೆಗೆ ತಂದ. ಹಿಂದಿನ ದಿನವಷ್ಟೇ ಅವ್ವ ಒಂದು ಕೋಳಿಯನ್ನು ಎಂಟು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದಳು. ಆ ಎಂಟರ ನಡುವೆ ಈ ಮೂರನ್ನೂ ಸೇರಿಸಿದಳು. ಕೋಳಿ ಎದ್ದು ನೋಡಿ, ಕೊಕ್ಕಿನಿಂದ ಹೊರಳಿಸಿ, ಮತ್ತೆ ಕೂತಿತು.

ಅಪ್ಪ ಅಂದೇ ಒಂದು ಕರಾರು ಹಾಕಿದ್ದ. "ಮರಿ ಆದ್ರ ಜೋಳದ ಸುಗ್ಗಿ ತನಕ ಇರಲಿ. ಅಷ್ಟೊತ್ತಿಗೆ ಗಿಡದ ಮ್ಯಾಲ ಮಲಗೂದು ಕಲತಿರಬೇಕು. ಆಮ್ಯಾಲ ಅದರ ಹಾದಿ ಅದಕ್ಕ. ನೆಲದ ಮ್ಯಾಲ ಮಲಗೋ ನವಲು ಬಾಳ ದಿನ ಬದುಕೂದಿಲ್ಲ, ತಿಳೀತಿಲ್ಲೋ?"

"ತಿಳೀತಪ್ಪಾ," ಎಂದೆ. ನನಗೆ ತಿಳಿದದ್ದು ನಮ್ಮ ಮನೆಗೆ ನವಿಲು ಬಂತು ಎಂಬುದಷ್ಟೇ.

ಮರುದಿನ ಶಾಲೆಯಲ್ಲಿ ನಾನು ಗರಿ ಹಂಚಲು ಶುರುಮಾಡಿದೆ. ಪಕ್ಕದಲ್ಲಿ ಕೂರುವ ಗೆಳತಿಗೆ ಎರಡು ಗರಿ, ಪೇರಲ ಹಣ್ಣು ತಂದುಕೊಟ್ಟವಳಿಗೆ ಒಂದು, ನನ್ನ ಜಡೆ ಎಳೆಯದಿರುವ ಷರತ್ತಿನ ಮೇಲೆ ಹಿಂದಿನ ಸಾಲಿನ ಹುಡುಗರಿಗೆ ತಲಾ ಅರ್ಧ. ಗುರುಗಳು ಕೂಡ "ನನಗೂ ಒಂದು ಇರಲಿ ಬಿಡವಾ" ಎಂದು ನಕ್ಕರು. ಅವರಿಗೆ ಎಲ್ಲಕ್ಕಿಂತ ಉದ್ದನೆಯದನ್ನು ಎತ್ತಿಟ್ಟೆ. ಪ್ರತಿ ಗುರುವಾರ ದರ್ಗಾದ ಮುದುಕನೊಬ್ಬ ಲೋಬಾನದ ಹೊಗೆ ಹಾಕಿಕೊಂಡು ಮನೆಮನೆಗೆ ಬರುತ್ತಿದ್ದ. ನವಿಲುಗರಿಯ ಕಟ್ಟಿನಿಂದ ಮಕ್ಕಳ ತಲೆ ಸವರಿ ದೃಷ್ಟಿ ತೆಗೆಯುತ್ತಿದ್ದ. ನಾವು ಅವನನ್ನು ದರ್ಗಾದಜ್ಜ ಎನ್ನುತ್ತಿದ್ದೆವು. ಅವನ ಕಟ್ಟು ಸವೆದು ಕಡ್ಡಿಗಳಷ್ಟೇ ಉಳಿದಿದ್ದವು. ಅವನಿಗೆ ನಾನು ಬಿಡಿ ಗರಿಯ ಮಾತೇ ಆಡಲಿಲ್ಲ, ಒಂದು ಹೊಸ ಕಟ್ಟನ್ನೇ ಒಪ್ಪಿಕೊಂಡೆ. ಮೊಟ್ಟೆ ಇನ್ನೂ ಕೋಳಿಯ ಹೊಟ್ಟೆಯಡಿ ಇತ್ತು.

ಕೋಳಿ ಮೊಟ್ಟೆಗೆ ಇಪ್ಪತ್ತೊಂದು ದಿನ. ನವಿಲಿನ ಮೊಟ್ಟೆಗೆ ಅದರ ಮೇಲೆ ಇನ್ನೊಂದು ವಾರ ಬೇಕು ಎಂಬುದು ಕೋಳಿ ಸಾಕುತ್ತಲೇ ತಲೆ ನರೆಸಿಕೊಂಡ ನಮ್ಮಜ್ಜಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಎಂಟನ್ನು ತೆಗೆದು, ವಾರ ತಡವಾಗಿ ಬೇರೆ ಕೋಳಿಮೊಟ್ಟೆ ಇಡುತ್ತಿದ್ದರು. ಲೆಕ್ಕದ ದಿನ ಏಳು ಕೋಳಿಮರಿ ಹೊರಬಂದವು. ಮಾರನೆಯ ದಿನ ತಾಯಿ ಅವನ್ನು ಕರೆದುಕೊಂಡು ತಿಪ್ಪೆಯ ಕಡೆ ನಡೆದೇಬಿಟ್ಟಿತು. ನವಿಲಿನ ಮೂರು ಮೊಟ್ಟೆ ಬುಟ್ಟಿಯಲ್ಲಿ ತಣ್ಣಗೆ ಉಳಿದವು.

"ಹಾಳ ತತ್ತಿ ಅವು. ತಿಪ್ಪಿಗೆ ಒಗೀರಿ," ಎಂದಳು ಅಜ್ಜಿ.

ಒಗೆಯಲು ನಾನು ಬಿಡಲಿಲ್ಲ. ಇದನ್ನು ದಯೆ ಎಂದು ಬರೆಯಲು ಕೈ ತುರಿಸುತ್ತಿದೆ, ಆದರೆ ಅದು ದಯೆಯಲ್ಲ. ಇಷ್ಟು ಜನರಿಗೆ ಗರಿ ಒಪ್ಪಿಕೊಂಡಾಗಿತ್ತು, ನನ್ನ ಮರ್ಯಾದೆಯ ಪ್ರಶ್ನೆಯಾಗಿತ್ತು. ಬಾಯಿ ಮುರಿದ ಗಡಿಗೆಯೊಂದರಲ್ಲಿ ಹತ್ತಿ ತುಂಬಿ, ಮೊಟ್ಟೆಗಳನ್ನು ಹುದುಗಿಸಿ, ಬಚ್ಚಲ ಒಲೆಯ ಮಗ್ಗುಲಲ್ಲಿ ಇಟ್ಟೆ. ಕೋಳಿಯ ಕೆಲಸ ಕಷ್ಟದ್ದು ಎಂದು ನನಗೆ ಅನಿಸಿರಲಿಲ್ಲ; ಸುಮ್ಮನೆ ಕೂರುವುದು ತಾನೇ! ಮೊದಲ ದಿನವೇ ಒಂದು ಮೊಟ್ಟೆಯನ್ನು ಒಲೆಗೆ ಅತಿಯಾಗಿ ಸರಿಸಿ ಬೇಯಿಸಿಬಿಟ್ಟೆ. ಆಮೇಲೆ ಅವ್ವ ಕೈ ಹಾಕಿದಳು. ಬಿಸಿ ಎಷ್ಟಿರಬೇಕೆಂದು ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿ ತೋರಿಸಿದಳು. ನಾನು ಶಾಲೆಗೆ ಹೋದಾಗ ಅವಳೇ ಹೊರಳಿಸಿ ಇಡುತ್ತಿದ್ದಳು. ಎರಡನೆಯ ಮೊಟ್ಟೆ ಒಡೆಯಲೇ ಇಲ್ಲ. ಮೂರನೆಯದು ನಾಲ್ಕನೆಯ ದಿನ ಬೆಳಿಗ್ಗೆ ಬಿರುಕು ಬಿಟ್ಟಿತು. ಒಳಗಿಂದ ಒದ್ದೆಯಾದ ಕಂದುಬಣ್ಣದ ಮುದ್ದೆಯೊಂದು ಹೊರಬಂದು, ಕತ್ತೆತ್ತಿ, ನನ್ನ ಮುಖ ನೋಡಿ, ಇವಳೇ ತಾಯಿ ಎಂದು ತೀರ್ಮಾನಿಸಿತು. ಅದರ ತಿಳುವಳಿಕೆಯ ಬಗ್ಗೆ ನನಗೆ ಈಗಲೂ ಮರುಕವಿದೆ.

ಮರಿ ಗಂಡೋ ಹೆಣ್ಣೋ ಎಂದು ನಾನು ಯಾರನ್ನೂ ಕೇಳಲಿಲ್ಲ. ಗಂಡೇ. ನನ್ನದಲ್ಲವೇ! "ಬಾರಲೇ" ಎಂದು ಕರೆದರೆ ಹಿತ್ತಲಿನ ಮೂಲೆಯಿಂದ ಓಡಿಬರುತ್ತಿತ್ತು. ಕಡ್ಡಿಪೆಟ್ಟಿಗೆಯಲ್ಲಿ ಮಿಡತೆ ಹಿಡಿದು ತಂದರೆ ಪೆಟ್ಟಿಗೆಯನ್ನೇ ಕುಕ್ಕುತ್ತಿತ್ತು. ಅಪ್ಪ ಸವಣೂರಿನಿಂದ ತಂದ ಖಾರದ ಕುರುಕಲನ್ನು ನನ್ನ ಅಂಗೈಯಿಂದ ಆರಿಸಿ ತಿಂದಿತು. ಒಣಹಾಕಿದ ಮೆಣಸಿನಕಾಯಿಯ ಬೀಜವನ್ನು ತಿಂದೂ ಕಣ್ಣು ಮಿಟುಕಿಸಲಿಲ್ಲ. ಇಷ್ಟು ಖಾರ ತಡೆಯುವುದು ಗಂಡಿಗೇ ಸಾಧ್ಯ ಎಂದು ನಾನು ಅಕ್ಕಂದಿರಿಗೆ ವಿವರಿಸಿದೆ. ಅಕ್ಕಂದಿರಿಬ್ಬರೂ ಹಸಿ ಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನುತ್ತ ಕೇಳಿಸಿಕೊಂಡರು.

ಹತ್ತು ಹನ್ನೆರಡು ದಿನಗಳಲ್ಲೇ ಅದಕ್ಕೆ ಹಾರುವ ಚಟ ಹತ್ತಿತು. ಹೊತ್ತು ಇಳಿಯುತ್ತಿದ್ದಂತೆ ಕೋಳಿಗಳು ಬುಟ್ಟಿಯೊಳಗೆ ಸೇರಿದರೆ, ಇದು ಮೇಲೆ ನೋಡುತ್ತಿತ್ತು. ಮೊದಲು ನನ್ನ ಹೆಗಲು, ಆಮೇಲೆ ಗೋಡೆ, ಆಮೇಲೆ ಮಾಳಿಗೆಯ ಅಂಚು. ಯಾರೂ ಕಲಿಸಿರಲಿಲ್ಲ, ಎತ್ತರದಲ್ಲಿ ಮಲಗಬೇಕೆಂಬುದು ಅದಕ್ಕೆ ಹುಟ್ಟುವಾಗಲೇ ಗೊತ್ತಿತ್ತು. ಕಲಿಸಬೇಕಾದದ್ದು ಏನೂ ಇರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಅಪ್ಪನ ಕರಾರು ನನಗೆ ನೆನಪಿತ್ತು. ಗಿಡ ಹತ್ತುವುದು ಕಲಿತರೆ ಹೋಗುತ್ತದೆ. ಗರಿ ಬರುವ ಮೊದಲೇ ಹೋದರೆ ನನ್ನ ಗತಿ ಏನು? ಹಾಗಾಗಿ ದಿನವೂ ಸಂಜೆ ಅದನ್ನು ಇಳಿಸಿ, ಕೋಳಿಗಳ ಜೊತೆ ಬುಟ್ಟಿಯಡಿ ಮುಚ್ಚಿಡುತ್ತಿದ್ದೆ. ಅದು ಒಳಗಿಂದ ಬುಟ್ಟಿಗೆ ತಲೆ ಕುಟ್ಟುತ್ತಿತ್ತು.

ದೀಪಾವಳಿಯ ಹೊತ್ತಿಗೆ ಬುಟ್ಟಿಯಿಂದಲೂ ತಪ್ಪಿಸಿಕೊಂಡು ಹಿತ್ತಲಿನ ಹುಣಸೆಮರದ ಕೆಳಗಿನ ಕೊಂಬೆಗೆ ಹಾರತೊಡಗಿತು. ನೆರೆಮನೆಗೆ ಹಾರುವ ಕೋಳಿಗಳಿಗೆ ಅಜ್ಜಿ ಒಂದು ಮದ್ದು ಮಾಡುತ್ತಿದ್ದಳು: ಒಂದು ಬದಿಯ ರೆಕ್ಕೆಯ ತುದಿಗರಿಗಳನ್ನು ಕತ್ತರಿಸಿಬಿಡುವುದು. ಹಾರಲು ಹೋದರೆ ಮಗ್ಗುಲಿಗೆ ವಾಲಿ ಬೀಳುತ್ತವೆ. ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಹೋದಾಗ ನಾನು ಅವಳ ಕತ್ತರಿ ತೆಗೆದುಕೊಂಡೆ. ನವಿಲು ನನ್ನ ತೊಡೆಯ ಮೇಲೆ ಸುಮ್ಮನೆ ಕೂತು ಕತ್ತರಿಸಿಕೊಂಡಿತು. ಏನು ಮಾಡುತ್ತಿದ್ದೇನೆಂದು ಅದು ಕೇಳಲಿಲ್ಲ, ನಂಬಿಕೆ ಇತ್ತು. ಕತ್ತರಿಸಿದ ಗರಿಗಳನ್ನು ಒಲೆಗೆ ಹಾಕಿದೆ. ಆ ಸಂಜೆ ಅದು ಮೂರು ಸಲ ಹಾರಲು ನೋಡಿ ಮೂರು ಸಲವೂ ಮಗ್ಗುಲಿಗೆ ಬಿತ್ತು. ಆಮೇಲೆ ತಾನಾಗಿ ಕೋಳಿಗಳ ಹಿಂದೆ ಬುಟ್ಟಿಯ ಕಡೆ ನಡೆಯಿತು.

"ಗಿಡ ಹತ್ತೂದು ಕಲೀತೇನ ನಿನ್ನ ನವಲು?" ಎಂದು ಅಪ್ಪ ಆಗಾಗ ಕೇಳುತ್ತಿದ್ದ.

"ಹ್ಞೂಂ ಅಪ್ಪಾ, ಕಲ್ಯಾಕತ್ತೈತಿ. ಸ್ವಲ್ಪ ದಡ್ಡ ಐತಿ."

ಸುಗ್ಗಿ ಬಂತು. ಅಪ್ಪ ಕಣದ ಕೆಲಸದಲ್ಲಿ ಮುಳುಗಿದ, ಕರಾರು ಹಿಂದೆ ಬಿತ್ತು. ನವಿಲು ಕೋಳಿಯ ಎರಡರಷ್ಟು ಬೆಳೆದಿತ್ತು. ನಾನು ದಿನವೂ ಬೆಳಿಗ್ಗೆ ಅದರ ಹಿಂಭಾಗವನ್ನು ಪರೀಕ್ಷಿಸುತ್ತಿದ್ದೆ. ಅಲ್ಲಿ ಗೇಣುದ್ದದ ಕಂದು ಗರಿಗಳಷ್ಟೇ ಇದ್ದವು. ಶಾಲೆಯಲ್ಲಿ ತಗಾದೆ ಹೆಚ್ಚಿತು. ಪೇರಲ ಕೊಟ್ಟವಳು ಪೇರಲವನ್ನು ವಾಪಸು ಕೇಳಿದಳು. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಎನ್ನುತ್ತ ನಾನು ದಿನ ದೂಡಿದೆ.

ಹೋಳಿ ಹುಣ್ಣಿಮೆ ಹತ್ತಿರವಿದ್ದಾಗ ಒಂದು ಗುರುವಾರ ದರ್ಗಾದಜ್ಜ ಬಂದ. ನಾನು ನವಿಲನ್ನು ಎತ್ತಿಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದೆ. ಗರಿ ಯಾವಾಗ ಬರುತ್ತದೆ ಎಂದು ಕೇಳಿದೆ. ಅವನು ಅದರ ಕುತ್ತಿಗೆಯನ್ನು ಬೆರಳಿನಿಂದ ಮೆಲ್ಲಗೆ ಸವರಿ ನೋಡಿದ.

"ಗಂಡಾಗಿದ್ರ ಇಷ್ಟೊತ್ತಿಗೆ ಕುತ್ತಿಗಿ ನೀಲಿ ತಿರುಗಬೇಕಿತ್ತು ಬೇಟಿ. ಇದರದು ಹಸರ ಐತಿ ನೋಡು. ಇದು ಹೆಣ್ಣು. ಹೆಣ್ಣಿಗೆ ಉದ್ದನ ಗರಿ ಬರೂದಿಲ್ಲ."

"ನಿಮ್ಮ ಕಣ್ಣ ಮಂಜಾಗ್ಯಾವ ಅಜ್ಜಾ," ಎಂದೆ ನಾನು.

"ಹೌದವಾ, ಮಂಜಾಗ್ಯಾವ," ಎಂದು ಅವನು ನಕ್ಕ. "ಆದ್ರ ಇಷ್ಟ ಮಂಜಾಗಿಲ್ಲ."

ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದ ಅಜ್ಜಿ ಕೇಳಿಸಿಕೊಂಡಳು. "ಹೆಣ್ಣೇನ? ಅಷ್ಟ ಆತು. ಇದನ್ನ ಕಟಗೊಂಡು ಏನ ಮಾಡೂದೈತಿ ಇನ್ನ," ಎಂದಳು. ನವಿಲು ಎಂದಿನಂತೆ ನನ್ನ ಲಂಗದ ಅಂಚನ್ನು ಹಿಡಿದು ಎಳೆಯಿತು. ನಾನು ಕಾಲಿನಿಂದ ಅದನ್ನು ಆಚೆ ತಳ್ಳಿದೆ. ಒದೆಯಲಿಲ್ಲ, ತಳ್ಳಿದೆ, ಇಷ್ಟು ವರ್ಷಗಳ ಮೇಲೂ ಈ ಎರಡರ ವ್ಯತ್ಯಾಸಕ್ಕೆ ನಾನು ಜೋತುಬಿದ್ದಿದ್ದೇನೆ.

ಆಮೇಲೆ ಮೂರು ದಿನ ನಾನು ಅದರ ಮುಖ ನೋಡಲಿಲ್ಲ. ಮಿಡತೆ ಹಿಡಿಯಲಿಲ್ಲ, ಕಾಳು ಹಾಕಲಿಲ್ಲ, ಸಂಜೆ ಬುಟ್ಟಿಯಡಿ ಮುಚ್ಚಿಡಲೂ ಇಲ್ಲ. ಅದು ನನ್ನ ಹಿಂದೆ ಹಿಂದೆ ತಿರುಗಿತು. ನಾನು ಬಾಗಿಲು ಹಾಕಿಕೊಂಡೆ. ಶಾಲೆಯಲ್ಲಿ ಗೆಳತಿ ಮತ್ತೆ ಗರಿಯ ಮಾತು ತೆಗೆದಾಗ, ಹೆಣ್ಣು ಎಂದು ಹೇಳಲು ನಾಚಿಕೆಯಾಗಿ, "ನಾಯಿ ತಿಂತು. ಸತ್ತುಹೋತು," ಎಂದುಬಿಟ್ಟೆ. ಇಡೀ ವರ್ಗ ಅಯ್ಯೋ ಎಂದಿತು. ಗುರುಗಳು ನನ್ನ ತಲೆ ಸವರಿದರು. ನಾನು ಎರಡು ಹನಿ ಕಣ್ಣೀರು ಕೂಡ ಹಾಕಿದೆ, ಅದು ಹೇಗೆ ಬಂತೋ ನನಗೆ ತಿಳಿಯದು. ಗರಿಯ ತಗಾದೆ ಅಂದಿಗೆ ಮುಗಿಯಿತು ಎಂದು ಹಗುರಾಗಿ ಮನೆಗೆ ಬಂದರೆ, ಸತ್ತ ನವಿಲು ಅಂಗಳದ ತುದಿಯವರೆಗೆ ಓಡಿಬಂದು ನನ್ನನ್ನು ಎದುರುಗೊಂಡಿತು.

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಲ್ಲಿ ಕೋಳಿಗಳು ಒಮ್ಮೆಲೇ ಕಿರುಚಿಕೊಂಡವು. ನಾನು ಎದ್ದು ಓಡುವಷ್ಟರಲ್ಲಿ ಅವ್ವ ಕಸಬರಿಗೆ ಹಿಡಿದು ಹೊರಗಿದ್ದಳು. ಊರ ನಾಯಿಯೊಂದು ಗೋಡೆ ಹಾರಿ ಓಡುತ್ತಿತ್ತು, ಅದರ ಬಾಯಿ ತುಂಬ ಗರಿ. ಕೋಳಿಗಳು ಬುಟ್ಟಿಯಡಿ ಭದ್ರವಾಗಿದ್ದವು. ನವಿಲು ಒರಳುಕಲ್ಲಿನ ಪಕ್ಕ ನೆಲದ ಮೇಲೆ ಮಲಗಿತ್ತು, ಅಲ್ಲೇ ಸಿಕ್ಕಿಬಿದ್ದಿತ್ತು. ಬಾಲದ ಗರಿಗಳೆಲ್ಲ ಕಿತ್ತುಹೋಗಿ ಹಿಂಭಾಗ ರಕ್ತವಾಗಿತ್ತು. ನಾನು ಆಷಾಢದಿಂದ ಎಲ್ಲರಿಗೂ ಹಂಚುತ್ತ ಬಂದಿದ್ದ ಗರಿಗಳು ಹಿತ್ತಲ ತುಂಬ ಬಿದ್ದಿದ್ದವು, ಗೇಣುದ್ದದ ಕಂದು ಗರಿಗಳು. ನಾನು ಆಡಿದ ಸುಳ್ಳು ಯಾರೋ ಕೇಳಿಸಿಕೊಂಡು ನಿಜ ಮಾಡಿದರು ಎಂದೇ ನನಗನಿಸಿತು. 

ಅಪ್ಪ ಬಂದು ಅದನ್ನು ಎತ್ತಿಕೊಂಡ. ಎಲ್ಲೆಲ್ಲಿ ಗಾಯವಾಗಿದೆ ಎಂದು ನೋಡುತ್ತ ಎಡರೆಕ್ಕೆಯನ್ನು ಬಿಡಿಸಿದ. ತುದಿಯ ಗರಿಗಳೆಲ್ಲ ಒಂದೇ ಸಾಲಿನಲ್ಲಿ ನೇರವಾಗಿ ತುಂಡಾಗಿದ್ದವು. ಅವನು ಆ ತುಂಡುಗಳ ಮೇಲೆ ಬೆರಳಾಡಿಸಿದ.

"ಇದು ನಾಯಿ ಕಡದದ್ದಲ್ಲ," ಎಂದ.

ಯಾರೂ ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಅಳಬಹುದಿತ್ತು. ಅವ್ವ ಒಳಗೆ ಹೋಗಿ ಅರಿಷಿಣ ಕುಟ್ಟಿ ಎಣ್ಣೆಯಲ್ಲಿ ಕಲಸತೊಡಗಿದಳು. ನಾನು ಬಾಗಿಲಲ್ಲಿ ನಿಂತೆ. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ, ಸಮರ್ಥನೆಗೆ ಇಳಿಯಿತು.

"ಹೆಣ್ಣ ಅಂತ ಮೊದಲ ಗೊತ್ತಿದ್ರ ನಾ ಸಾಕತಿದ್ದೇನ? ಸುಮ್ನ ತಿಪ್ಪಿಗೆ ಒಗೀತಿದ್ದೆ."

ಅವ್ವ ಕಲಸುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. "ನೀ ಹುಟ್ಟಿದ ದಿನ ಈ ಮನ್ಯಾಗ ನಿಮ್ಮಜ್ಜಿ ಉಣಲಿಲ್ಲ," ಎಂದಳು. "ನಿಮ್ಮಪ್ಪ ಹೊಲಕ್ಕ ಹೋದಾಂವ ಮೂರ ದಿನ ಮಾರಿ ತೋರಸಲಿಲ್ಲ. ನಿನ್ನ ಮಗ್ಗಲಾಗ ಹಾಕ್ಕೊಂಡು ಮಲಗಿದಾಕಿ ನಾ ಒಬ್ಬಾಕಿ. ಹೇಳು, ನಾನೂ ಮಾರಿ ತಿರುಗಿಸಿ ಮಲಗಬೇಕಿತ್ತೇನ?"

ಕಟ್ಟೆಯ ಮೇಲಿಂದ ಬರುತ್ತಿದ್ದ ಅಡಕತ್ತರಿಯ ಸದ್ದು ನಿಂತಿತು. ಅಪ್ಪ ನವಿಲನ್ನು ಎದೆಗವಚಿಕೊಂಡು ನನ್ನ ಹಿಂದೆಯೇ ನಿಂತಿದ್ದ.  ಅವ್ವ ಅರಿಷಿಣದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ಹಚ್ಚು ಹೋಗು," ಎಂದಳು. ನಾನು ಹಚ್ಚಿದೆ.  ನವಿಲು ನೋವಿಗೆ ಮೈ ಬಿಗಿಹಿಡಿದರೂ ನನ್ನ ತೊಡೆ ಬಿಟ್ಟು ಏಳಲಿಲ್ಲ. ಇನ್ನೂ ನನ್ನನ್ನೇ ನಂಬಿತ್ತು, ಅದಕ್ಕೆ ಬುದ್ಧಿ ಬಂದಿರಲಿಲ್ಲ. ಬುದ್ಧಿ ನನಗೂ ಅಂದೇ ಪೂರ್ತಿ ಬಂತೆಂದು ಹೇಳಲಾರೆ. ಆದರೆ ಆ ದಿನ ನಾನು ಅತ್ತದ್ದು ಅದಕ್ಕಾಗಿಯೂ ಹೌದು, ನನಗಾಗಿಯೂ ಹೌದು. ಹುಟ್ಟಿದ ದಿನ ಬಾಗಿಲು ಹಾಕಿಸಿಕೊಂಡವಳು ನಾನೇ, ಬೆಳೆದು ಇನ್ನೊಬ್ಬಳಿಗೆ ಬಾಗಿಲು ಹಾಕಿದವಳೂ ನಾನೇ.

ಮರುದಿನ ಶಾಲೆಯಲ್ಲಿ ಎದ್ದುನಿಂತು, ನವಿಲು ಸತ್ತಿಲ್ಲ, ಹೆಣ್ಣು, ಗರಿ ಬರುವುದಿಲ್ಲ ಎಂದು ಹೇಳಿದೆ. ಹಿಂದಿನ ಸಾಲಿನ ಹುಡುಗರು ಆ ಕ್ಷಣದಿಂದಲೇ ಜಡೆ ಎಳೆಯಲು ಶುರುಮಾಡಿದರು. ಗುರುಗಳು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಸುಳ್ಳು ಹೇಳಿದ್ದಕ್ಕೋ, ಉದ್ದನೆಯ ಗರಿ ತಪ್ಪಿದ್ದಕ್ಕೋ, ಅವರು ಬಿಡಿಸಿ ಹೇಳಲಿಲ್ಲ.

ಗಾಯ ಹದಿನೈದು ದಿನದಲ್ಲಿ ಒಣಗಿತು. ರೆಕ್ಕೆಯ ಗರಿ ಮತ್ತೆ ಬರಲು ಬೇಸಿಗೆಯೆಲ್ಲ ಬೇಕಾಯಿತು. ಅಷ್ಟು ದಿನ ಅವಳನ್ನು ನಾನು ಒಳಗೆ ಬುಟ್ಟಿಯಡಿ ಮುಚ್ಚಿ, ಮೇಲೆ ಒರಳಿನ ಗುಂಡನ್ನು ಹೇರಿ, ಪಕ್ಕದಲ್ಲೇ ಮಲಗುತ್ತಿದ್ದೆ. ಅವಳು ಎಂದು ಬರೆದೆ ನೋಡಿ. "ಬಾರಲೇ" ಹೋಗಿ "ಬಾರವಾ" ಬಂದದ್ದೂ ಆಗಲೇ. ಗರಿ ಬಂದರೂ ಅವಳು ಮೇಲೆ ನೋಡುವುದನ್ನೇ ಮರೆತಿದ್ದಳು. ಸಂಜೆಯಾದರೆ ಕತ್ತು ತಗ್ಗಿಸಿ ಬುಟ್ಟಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದಳು. ಮಳೆ ಬೀಳುವ ಮೊದಲು ಮರ ಹತ್ತದಿದ್ದರೆ ಮತ್ತೊಂದು ನಾಯಿ, ಇಲ್ಲವೇ ಕಾಡುಬೆಕ್ಕು. ತನಗೆ ಹುಟ್ಟಿನಿಂದ ಗೊತ್ತಿದ್ದದ್ದನ್ನು ಮರೆಯಲು ಅವಳಿಗೆ ಕಲಿಸಿದವಳು ನಾನು. ಈಗ ಮತ್ತೆ ಕಲಿಸುವ 'ಗುರು'ವೂ ನಾನೇ ಆಗಬೇಕಾಯಿತು.

ಮೊದಲು ಮಾಳಿಗೆಯ ಮೇಲೆ ಕಾಳು ಹಾಕಿದೆ, ಏಣಿಯ ಒಂದೊಂದು ಮೆಟ್ಟಿಲ ಮೇಲೂ ಕಾಳಿಟ್ಟೆ. ಅವಳು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ತಿಂದು, ಅದೇ ಏಣಿಯಿಂದ ಇಳಿದುಹೋದಳು. ಏಣಿಯಿಂದ ಇಳಿಯುವ ನವಿಲನ್ನು ನೋಡಲು ಓಣಿಯವರೆಲ್ಲ ಬಂದರು. ಕೊನೆಗೆ ನಾನೇ ಹುಣಸೆಮರ ಹತ್ತಿದೆ. ಲಂಗವನ್ನು ಕಚ್ಚೆ ಕಟ್ಟಿ, ಬಾಯಲ್ಲಿ ಕಡ್ಡಿಪೆಟ್ಟಿಗೆ ಕಚ್ಚಿಕೊಂಡು, ಎರಡನೆಯ ಕವಲಿನ ತನಕ ಹೋಗಿ ಕೂತು, "ಬಾರವಾ, ಬಾ ಬಾ," ಎಂದು ಕರೆದೆ. ಕೆಳಗೆ ಅಜ್ಜಿ ತಲೆ ಮೇಲೆ ಕೈಹೊತ್ತು ನಿಂತಳು.

"ಹೆಣ್ಣ ಹುಡುಗಿ ಗಿಡ ಹತ್ತೈತಿ, ನೋಡ್ರೆಪಾ! ಕೈಕಾಲ ಮುರಕೊಂಡ್ರ ನಾಳೆ ಯಾರ ಮಾಡ್ಕೋತಾರ ಇದನ್ನ?"

ಐದು ಸಂಜೆ ನವಿಲು ಕೆಳಗೆ ನಿಂತು ನನ್ನನ್ನು ನೋಡಿತು. ಆರನೆಯ ಸಂಜೆ ಏನನ್ನಿಸಿತೋ, ಕಾಲು ಮಡಿಸಿ, ರೆಕ್ಕೆ ಬಡಿದು, ಸೀದಾ ಮೇಲೆ ಬಂತು. ನಾನು ಕೂತ ಕವಲಿಗಲ್ಲ. ನನ್ನ ಕಿವಿಯ ಪಕ್ಕದಿಂದಲೇ ಹಾದು, ಇನ್ನೂ ಎರಡಾಳು ಎತ್ತರದ ತುದಿಕೊಂಬೆಗೆ ಹೋಗಿ ಕೂತಿತು. ಆ ಗಾಳಿಗೆ ಬೆದರಿ ನಾನು ಕೊಂಬೆಯನ್ನು ತಬ್ಬಿಕೊಂಡೆ. ಕಡ್ಡಿಪೆಟ್ಟಿಗೆ ಬಿದ್ದು ಮಿಡತೆಗಳೆಲ್ಲ ಬದುಕಿಕೊಂಡವು. ಇಳಿಯಲು ಕೆಳಗೆ ನೋಡಿದರೆ ತಲೆ ಸುತ್ತಿತು. ಮರ ಹತ್ತುವುದನ್ನು ಕಲಿಸಲು ಹೋದವಳಿಗೆ ಇಳಿಯಲು ಬರುತ್ತಿರಲಿಲ್ಲ. ಅಪ್ಪ ಹೊಲದಿಂದ ಬಂದು ಏಣಿ ಹಾಕಿ ನನ್ನನ್ನು ಹೆಗಲ ಮೇಲೆ ಹೊತ್ತು ಇಳಿಸಿದ. ಅವಳು ಮೇಲಿಂದ ಒಮ್ಮೆ ಬಗ್ಗಿ ನೋಡಿ, ಕತ್ತನ್ನು ಬೆನ್ನಿಗೆ ಹುದುಗಿಸಿಕೊಂಡು ಅಲ್ಲೇ ಮಲಗಿದಳು.

ಆಮೇಲೆ ಕೆಲವು ದಿನ ಬೆಳಿಗ್ಗೆ ಇಳಿದುಬಂದು ಕಾಳು ತಿಂದು ಹೋಗುತ್ತಿದ್ದಳು. ಮೊದಲ ಮಳೆ ಬಿದ್ದ ಮರುದಿನ ಕೋಟೆಯ ಕಡೆಯಿಂದ ನವಿಲುಗಳ ಕೂಗು ಕೇಳಿಸಿತು. ಅಂದು ಸಂಜೆ ಹುಣಸೆಮರ ಖಾಲಿಯಿತ್ತು. ನಾನು ಹಿತ್ತಲಲ್ಲಿ ನಿಂತು ಕತ್ತಲಾಗುವ ತನಕ ಕರೆದೆ. ಬಹಳ ದುಃಖವಾಯಿತು. ಅವಳು ಮರ ಹತ್ತಲಿ ಎಂದು ಬೇಡಿಕೊಂಡವಳೇ, ಯಾಕಾದರೂ ಹತ್ತಿದಳೋ ಎಂದು ಎರಡು ದಿನ ಅತ್ತೆ.

ತಿಂಗಳು ಕಳೆದಿರಬೇಕು. ಒಂದು ಸಂಜೆ ದೀಪ ಹಚ್ಚಿ ಎಲ್ಲರೂ ಊಟಕ್ಕೆ ಕೂತಿದ್ದೆವು, ಅವ್ವ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಅಪ್ಪ ರೊಟ್ಟಿ ಮುರಿಯುತ್ತ ತನ್ನಷ್ಟಕ್ಕೇ ನಕ್ಕ.

"ಇವತ್ತ ಹೊಲದಾಗ ನಮ್ಮ ಹುಡುಗೀನ ನೋಡಿದೆ," ಎಂದ.

ನಾವು ಮೂವರು ಹುಡುಗಿಯರೂ ತಲೆ ಎತ್ತಿದೆವು.

"ಬದುವಿನ ಮ್ಯಾಲ ಇದ್ಲು. ಬಾಲ ಇನ್ನೂ ಪೂರಾ ಬಂದಿಲ್ಲ, ಅದಕ್ಕ ಗುರ್ತ ಹತ್ತಿತು. ನಾ ಹತ್ತ ಮಾರ ಹತ್ರ ಹೋದ್ರೂ ಹಾರಲಿಲ್ಲ. ಆಕಿ ಮುಂದ ಒಂದ ಗಂಡ ನವಲು, ಇಷ್ಟಗಲ ಗರಿ ಬಿಚ್ಚಿ, ಮೈ ನಡುಗಿಸಿ ಕುಣ್ಯಾಕತ್ತಿತ್ತು. ನಮ್ಮಾಕಿ ತಿರುಗೇ ನೋಡಲಿಲ್ಲ! ಬಿತ್ತಿದ ಶೇಂಗಾ ಕೆದಕಿ ಕೆದಕಿ ತಿನ್ನಾಕತ್ತಿದ್ಲು."

"ಯಾರ ಹೊಲದಾಗಿಂದು?" ಎಂದು ಅಜ್ಜಿ ಕೇಳಿದಳು.

"ನಮ್ಮದ."

ಅಜ್ಜಿ ಇನ್ನೊಂದು ರೊಟ್ಟಿಗೆ ಕೈಚಾಚಿ, "ತಿನ್ನಲಿ ಬಿಡು," ಎಂದಳು.

ಅಪ್ಪನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಮನೆಯಲ್ಲಿ "ನಮ್ಮ ಹುಡುಗಿ" ಎಂಬ ಮಾತನ್ನು ಆ ದನಿಯಲ್ಲಿ ಯಾರೂ ಯಾರಿಗೂ ಆಡಿರಲಿಲ್ಲ. ಸಂತೋಷಪಡುವ ಬದಲು ನಾನು ಒಂದು ಹಕ್ಕಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಅದೂ ನಾನೇ ಸಾಕಿದ ಹಕ್ಕಿಯ ಮೇಲೆ. ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಪ್ಪಾ, ನಾ ಹುಟ್ಟಿದಾಗ ಮೂರ ದಿನ ಎಲ್ಲಿ ಹೋಗಿದ್ದಿ?"

ಅವ್ವನ ಕೈ ಹಂಚಿನ ಮೇಲೆ ನಿಂತಿತು. ಅಪ್ಪನ ನಗು ಆರಿತು.  ಆಮೇಲೆ ತನ್ನ ತಾಟಿನಲ್ಲಿದ್ದ ಬೆಣ್ಣೆಯ ಉಂಡೆಯನ್ನು ತೆಗೆದು ನನ್ನ ರೊಟ್ಟಿಯ ಮೇಲಿಟ್ಟ.

"ಹೊಲದಾಗ ಇದ್ದೆ," ಎಂದ. ದನಿ ಸಣ್ಣದಾಗಿತ್ತು. "ನಾಕನೇ ದಿನ ಬಂದೆ ಅಲ್ಲವಾ?"

ಕೇಳಲು ನನ್ನ ಹತ್ತಿರ ಇನ್ನೂ ನಾಲ್ಕು ಮಾತು ಇದ್ದವು. ಆದರೆ ಮೂರು ದಿನ ಮುಖ ತಿರುಗಿಸಿದವಳು ನಾನೂ ಆಗಿದ್ದೆ, ನಾಲ್ಕನೆಯ ದಿನ ನಾನು ಹೊರಗೆ ಬರುವಷ್ಟರಲ್ಲಿ ನಾಯಿ ಬಂದಿತ್ತು. ಜಗಳಕ್ಕೆ ನನಗೆ ಬಾಯಿ ಉಳಿದಿರಲಿಲ್ಲ. ಬೆಣ್ಣೆ ಸವರಿಕೊಂಡು ರೊಟ್ಟಿ ತಿಂದೆ.